ಇಬ್ನುನ್ನಫೀಸ್: ನೋಟ್ಸ್ ಬರೆದ ಹಕೀಮರು, ನೋಟ್ಸಿನಲ್ಲಿ ಸಿಗದ ಸತ್ಯ



ಈ ಸಂಚಿಕೆಯನ್ನು ಕೈಗೆತ್ತಿಕೊಂಡಿರುವ ನಿಮ್ಮಲ್ಲಿ ಅನೇಕರು ಪಿಯುಸಿ ವಿಜ್ಞಾನ ವಿಭಾಗದಲ್ಲಿ ಓದುತ್ತಿರಬಹುದು. ನಿಮ್ಮ ಬ್ಯಾಗಿನಲ್ಲಿ ಪಠ್ಯಪುಸ್ತಕಕ್ಕಿಂತ ಹೆಚ್ಚಾಗಿ ಜೆರಾಕ್ಸ್ ಹಾಳೆಗಳಿರುತ್ತವೆ ಎಂಬುದು ನನಗೆ ಗೊತ್ತು. ಜೀವಶಾಸ್ತ್ರಕ್ಕೊಂದು ನೋಟ್ಸ್, ರಸಾಯನಶಾಸ್ತ್ರಕ್ಕೊಂದು ನೋಟ್ಸ್, ನೀಟ್ ಪರೀಕ್ಷೆಗೆ ಇನ್ನೊಂದು ಕಟ್ಟು. ಅಕ್ಕ ಓದಿದ್ದು ತಮ್ಮನಿಗೆ, ತಮ್ಮನಿಂದ ಪಕ್ಕದ ಮನೆಯ ಹುಡುಗನಿಗೆ, ಅಲ್ಲಿಂದ ಮೊಬೈಲಿಗೆ. ಇದನ್ನು ನಾನು ತಪ್ಪೆಂದು ಹೇಳುತ್ತಿಲ್ಲ. ಬಿ.ಎಡ್. ಓದುವಾಗ ನಾನೂ ಗೈಡ್ ನೋಡಿಯೇ ಕೆಲವು ಪತ್ರಿಕೆಗಳನ್ನು ಪಾಸು ಮಾಡಿದವಳು.

ನಾನು ವಿಜ್ಞಾನ ಶಿಕ್ಷಕಿಯಲ್ಲ. ಪ್ರೌಢಶಾಲೆಯಲ್ಲಿ ಉರ್ದು ಮತ್ತು ಕನ್ನಡ ಕಲಿಸುತ್ತೇನೆ. ಆದರೂ ಈ ಬಾರಿ ಒಬ್ಬ ಹಕೀಮರ ಜೀವನವನ್ನು ನಿಮ್ಮ ಮುಂದಿಡಲು ಒಂದು ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ರಜೆಯಲ್ಲಿ ಮನೆಗೆ ಬಂದಿದ್ದಳು. ಅವಳ ಕೈಯಲ್ಲಿ ಹೃದಯದ ಪಾಠದ ನೋಟ್ಸ್ ಇತ್ತು. ಓದಿ ಹೇಳು, ನಾನೂ ಕಲಿಯುತ್ತೇನೆ ಎಂದೆ. ಅಪಧಮನಿಗಳಲ್ಲಿ ಶುದ್ಧ ರಕ್ತ, ಅಭಿಧಮನಿಗಳಲ್ಲಿ ಅಶುದ್ಧ ರಕ್ತ, ಆದ್ದರಿಂದ ಪುಪ್ಪುಸಕ ಅಪಧಮನಿಯಲ್ಲಿಯೂ ಶುದ್ಧ ರಕ್ತ ಎಂದು ಅದರಲ್ಲಿ ಬರೆದಿತ್ತು. ನನಗೆ ಅನುಮಾನ ಬಂತು. ಪಠ್ಯಪುಸ್ತಕ ತೆಗೆಸಿ ನೋಡಿದರೆ ಅಲ್ಲಿ ಇದ್ದದ್ದು ತದ್ವಿರುದ್ಧ. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ಆ ನಾಳದಲ್ಲಿ ಆಮ್ಲಜನಕ ಕಡಿಮೆಯಿರುವ ರಕ್ತವೇ ಇರುತ್ತದೆ. ಹುಡುಗಿ ಮುಖ ಸಣ್ಣದು ಮಾಡಿಕೊಂಡು, ಮಿಸ್, ನಮ್ಮ ಇಡೀ ಕ್ಲಾಸಿನ ನೋಟ್ಸಿನಲ್ಲಿ ಹೀಗೇ ಇದೆ ಎಂದಳು.

ಇಡೀ ಕ್ಲಾಸಿನ ನೋಟ್ಸಿನಲ್ಲಿ ಹೀಗೇ ಇದೆ! ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಏಕೆಂದರೆ ಇದೇ ಹೃದಯದ ಬಗ್ಗೆ, ಇದೇ ನಾಳದ ಬಗ್ಗೆ, ಒಂದು ಕಾಲದಲ್ಲಿ ಇಡೀ ಜಗತ್ತಿನ ನೋಟ್ಸಿನಲ್ಲಿ ತಪ್ಪು ಬರೆದಿತ್ತು. ಸಾವಿರ ವರ್ಷಗಳ ಕಾಲ ಎಲ್ಲರೂ ಅದನ್ನೇ ಓದಿದರು, ಅದನ್ನೇ ಕಲಿಸಿದರು. ಅದು ಸರಿಯಲ್ಲ ಎಂದು ಧೈರ್ಯವಾಗಿ ಬರೆದವರು ಸುಮಾರು ಇಪ್ಪತ್ತೊಂಬತ್ತು ವರ್ಷದ ಒಬ್ಬ ತರುಣ. ಅವರೇ ಇಬ್ನುನ್ನಫೀಸ್.

ಬಾಲ್ಯ ಮತ್ತು ವಿದ್ಯಾಭ್ಯಾಸ

ಅವರ ಪೂರ್ಣ ಹೆಸರು ಅಲಾವುದ್ದೀನ್ ಅಬುಲ್ ಹಸನ್ ಅಲಿ ಇಬ್ನ್ ಅಬಿಲ್ ಹಝ್ಮ್ ಅಲ್-ಕರ್ಶಿ ಅದ್ದಿಮಶ್ಕಿ. ಜನ ಕರೆದದ್ದು ಇಬ್ನುನ್ನಫೀಸ್ ಎಂದು. ಸುಮಾರು 1213ರಲ್ಲಿ ಸಿರಿಯಾದ ದಮಾಸ್ಕಸ್ ನಗರದ ಬಳಿ ಅವರ ಜನನವಾಯಿತು. ಹೆಸರಿನ ಕೊನೆಯ ದಿಮಶ್ಕಿ ಎಂಬುದು ಆ ನಗರವನ್ನೇ ಸೂಚಿಸುತ್ತದೆ.

ಆ ಕಾಲದ ದಮಾಸ್ಕಸ್ ವೈದ್ಯವಿದ್ಯೆಗೆ ಹೆಸರಾದ ಊರು. ಸುಲ್ತಾನ್ ನೂರುದ್ದೀನ್ ಝಂಗಿಯವರು 12ನೇ ಶತಮಾನದಲ್ಲಿ ಅಲ್ಲಿ ಕಟ್ಟಿಸಿದ ನೂರಿ ಆಸ್ಪತ್ರೆ ದೂರದೂರದ ವಿದ್ಯಾರ್ಥಿಗಳನ್ನು ಸೆಳೆಯುತ್ತಿತ್ತು. ಆಸ್ಪತ್ರೆಯನ್ನು ಆಗ ಬೀಮಾರಿಸ್ತಾನ್ ಎನ್ನುತ್ತಿದ್ದರು. ಉರ್ದು ಬಲ್ಲ ನಿಮಗೆ ಈ ಪದದ ಅರ್ಥ ಹೇಳಬೇಕಾಗಿಲ್ಲ. ಅಲ್ಲಿ ರೋಗಿಗಳಿಗೆ ಚಿಕಿತ್ಸೆಯೂ ನಡೆಯುತ್ತಿತ್ತು, ವಿದ್ಯಾರ್ಥಿಗಳಿಗೆ ಪಾಠವೂ ನಡೆಯುತ್ತಿತ್ತು. ಪುಸ್ತಕ ಒಂದು ಕಡೆ, ರೋಗಿ ಇನ್ನೊಂದು ಕಡೆ ಎಂಬ ಭೇದವಿರಲಿಲ್ಲ. ಅಲ್ಲಿನ ಪ್ರಸಿದ್ಧ ವೈದ್ಯರಾದ ಮುಹಝ್ಝಬುದ್ದೀನ್ ಅದ್ದಖ್ವಾರ್ ಎಂಬವರ ಪರಂಪರೆಯಲ್ಲಿ ಇಬ್ನುನ್ನಫೀಸ್ ವೈದ್ಯಶಾಸ್ತ್ರ ಕಲಿತರು.

ವೈದ್ಯದ ಜೊತೆಗೆ ಅವರು ಶಾಫಿಈ ಫಿಕ್ಹ್, ಹದೀಸ್ ಶಾಸ್ತ್ರ, ತರ್ಕಶಾಸ್ತ್ರ ಮತ್ತು ಅರಬ್ಬಿ ವ್ಯಾಕರಣವನ್ನೂ ಅಭ್ಯಾಸ ಮಾಡಿದರು. ಮುಂದೆ ಕೈರೋದ ಮಸ್ರೂರಿಯ್ಯಾ ಮದ್ರಸಾದಲ್ಲಿ ಫಿಕ್ಹ್ ಪಾಠವನ್ನೂ ಮಾಡಿದರು. ವಿಜ್ಞಾನ ಓದುವವರಿಗೆ ಭಾಷೆ ಏಕೆ ಎಂದು ಕೇಳುವ ಮಕ್ಕಳು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಒಂದು ವಾಕ್ಯ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ, ಅದಕ್ಕೆ ಆಧಾರವೇನು ಎಂದು ತೂಗಿ ನೋಡುವ ಅಭ್ಯಾಸ ಅವರಿಗೆ ವ್ಯಾಕರಣ, ತರ್ಕ ಮತ್ತು ಫಿಕ್ಹ್‌ನ ಪಾಠಗಳಲ್ಲೇ ಆಗಿರಬೇಕು. ಅದೇ ಅಭ್ಯಾಸವನ್ನು ಅವರು ಹೃದಯದ ಪಾಠಕ್ಕೂ ಅನ್ವಯಿಸಿದರು.

ಸುಮಾರು 1236ರಲ್ಲಿ ಅವರು ಈಜಿಪ್ಟಿನ ಕೈರೋ ನಗರಕ್ಕೆ ಹೋದರು. ಅಲ್ಲಿನ ನಾಸಿರಿ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. ಜೀವನದ ಉಳಿದ ಅರ್ಧ ಶತಮಾನವೆಲ್ಲ ಅವರು ಕಳೆದದ್ದು ಆ ನಗರದಲ್ಲೇ.

ಎಲ್ಲರೂ ನಂಬಿದ್ದ ಪಾಠ

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಇಬ್ನುನ್ನಫೀಸ್ ಏನು ಹೇಳಿದರು ಎಂಬುದರ ಬೆಲೆ ತಿಳಿಯಬೇಕಾದರೆ ಅವರಿಗಿಂತ ಮೊದಲು ಜನ ಏನು ನಂಬಿದ್ದರು ಎಂಬುದನ್ನು ತಿಳಿಯಬೇಕು.

2ನೇ ಶತಮಾನದಲ್ಲಿ ಗ್ಯಾಲೆನ್ ಎಂಬ ಗ್ರೀಕ್ ವೈದ್ಯರಿದ್ದರು. ನಮ್ಮವರು ಅವರನ್ನು ಜಾಲೀನೂಸ್ ಎನ್ನುತ್ತಾರೆ. ಬಹು ದೊಡ್ಡ ವಿದ್ವಾಂಸರು. ಅವರ ಪ್ರಕಾರ ನಾವು ತಿಂದ ಆಹಾರದಿಂದ ಯಕೃತ್ತಿನಲ್ಲಿ ರಕ್ತ ತಯಾರಾಗುತ್ತದೆ. ಅದರಲ್ಲಿ ಒಂದು ಭಾಗ ಹೃದಯದ ಬಲಭಾಗಕ್ಕೆ ಬರುತ್ತದೆ. ಹೃದಯದ ಬಲ ಮತ್ತು ಎಡ ಹೃತ್ಕುಕ್ಷಿಗಳ ನಡುವೆ ಒಂದು ಗೋಡೆಯಿದೆಯಲ್ಲವೇ? ಆ ಗೋಡೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿವೆ, ರಕ್ತ ಅವುಗಳ ಮೂಲಕ ಬಲದಿಂದ ಎಡಕ್ಕೆ ಜಿನುಗುತ್ತದೆ, ಎಡಭಾಗದಲ್ಲಿ ಶ್ವಾಸಕೋಶದಿಂದ ಬಂದ ಗಾಳಿಯೊಡನೆ ಸೇರುತ್ತದೆ ಎಂದು ಅವರು ತಿಳಿದಿದ್ದರು.

ಸುಮಾರು ಎಂಟು ನೂರು ವರ್ಷಗಳ ನಂತರ ಇಬ್ನ್ ಸೀನಾ ಬಂದರು. 1037ರಲ್ಲಿ ಹಮದಾನಿನಲ್ಲಿ ತೀರಿಕೊಂಡ ಅವರು ಬರೆದ ಅಲ್-ಕಾನೂನ್ ಫಿತ್ತಿಬ್ಬ್ ಐದು ಭಾಗಗಳ ಮಹಾಗ್ರಂಥ. ಪೂರ್ವದಲ್ಲೂ ಪಶ್ಚಿಮದಲ್ಲೂ ಶತಮಾನಗಳ ಕಾಲ ಅದೇ ವೈದ್ಯ ವಿದ್ಯಾರ್ಥಿಗಳ ಪಠ್ಯಪುಸ್ತಕ. ಇಬ್ನ್ ಸೀನಾರವರು ರಕ್ತ ಬಲದಿಂದ ಎಡಕ್ಕೆ ಹೃದಯದೊಳಗಿನಿಂದಲೇ ದಾಟುತ್ತದೆ ಎಂಬ ಮಾತನ್ನು ಒಪ್ಪಿಕೊಂಡರು. ಹೃದಯಕ್ಕೆ ಮೂರು ಕುಕ್ಷಿಗಳಿವೆ ಎಂಬ ಹಳೆಯ ಅಭಿಪ್ರಾಯವೂ ಅವರ ಪುಸ್ತಕದಲ್ಲಿತ್ತು.

ಈಗ ಊಹಿಸಿಕೊಳ್ಳಿ. ಒಂದು ಕಡೆ ಜಾಲೀನೂಸ್, ಇನ್ನೊಂದು ಕಡೆ ಶೇಖುರ್ರಈಸ್ ಎಂಬ ಬಿರುದಿನ ಇಬ್ನ್ ಸೀನಾ. ಉಸ್ತಾದರು ಕಲಿಸಿದ್ದೂ ಅದೇ, ಸಹಪಾಠಿಗಳು ಬರೆದುಕೊಂಡದ್ದೂ ಅದೇ. ಇಡೀ ಕ್ಲಾಸಿನ ನೋಟ್ಸಿನಲ್ಲಿ ಅದೇ ಇದೆ. ಇಂಥ ಸಮಯದಲ್ಲಿ ಒಬ್ಬ ತರುಣ ವೈದ್ಯನಿಗೆ ಅದು ಸರಿಯಲ್ಲ ಎಂದು ಬರೆಯುವುದು ಸುಲಭವೇ?

ಗೋಡೆಯಲ್ಲಿ ದಾರಿಯಿಲ್ಲ

ಇಬ್ನುನ್ನಫೀಸ್‌ರವರು ಕಾನೂನ್ ಗ್ರಂಥದಲ್ಲಿ ಅಲ್ಲಲ್ಲಿ ಚದುರಿದ್ದ ಅಂಗರಚನೆಯ ಭಾಗಗಳನ್ನು ಒಂದೆಡೆ ಸೇರಿಸಿ ಅವುಗಳಿಗೆ ಒಂದು ಶರಹ್, ಅಂದರೆ ವ್ಯಾಖ್ಯಾನ, ಬರೆದರು. ಅದರ ಹೆಸರು ಶರಹ್ ತಶ್ರೀಹ್ ಅಲ್-ಕಾನೂನ್. 1242ರ ಹೊತ್ತಿಗಾಗಲೇ ಈ ಪುಸ್ತಕ ಸಿದ್ಧವಾಗಿತ್ತು. ಹೃದಯದ ಭಾಗಕ್ಕೆ ಬಂದಾಗ ಅವರು ತಮ್ಮ ಹಿರಿಯರ ಮಾತನ್ನು ಒಪ್ಪಲಿಲ್ಲ. ಅವರ ವಾದವನ್ನು ನಿಮ್ಮ ಪಾಠದ ಭಾಷೆಯಲ್ಲಿ ಹೀಗೆ ಹೇಳಬಹುದು.

ಮೊದಲನೆಯದು, ಹೃದಯಕ್ಕೆ ಇರುವುದು ಎರಡೇ ಕುಕ್ಷಿಗಳು, ಮೂರಲ್ಲ.

ಎರಡನೆಯದು, ಇವೆರಡರ ನಡುವಿನ ಗೋಡೆ ದಪ್ಪ ಮತ್ತು ಗಟ್ಟಿ. ಅದರಲ್ಲಿ ಕಣ್ಣಿಗೆ ಕಾಣುವ ದಾರಿಯೂ ಇಲ್ಲ, ಜಾಲೀನೂಸ್ ಊಹಿಸಿದ ಕಾಣದ ದಾರಿಯೂ ಇಲ್ಲ.

ಮೂರನೆಯದು, ಹಾಗಾದರೆ ರಕ್ತ ಎಡಭಾಗಕ್ಕೆ ಬರುವುದು ಹೇಗೆ? ಅದು ಬಲ ಹೃತ್ಕುಕ್ಷಿಯಿಂದ ಶ್ವಾಸಕೋಶಕ್ಕೆ ಹೋಗಬೇಕು, ಅಲ್ಲಿ ಹರಡಿಕೊಂಡು ಗಾಳಿಯೊಡನೆ ಬೆರೆಯಬೇಕು, ನಂತರ ಇನ್ನೊಂದು ನಾಳದ ಮೂಲಕ ಹೃದಯದ ಎಡಭಾಗಕ್ಕೆ ಮರಳಬೇಕು. ಬೇರೆ ದಾರಿಯೇ ಇಲ್ಲ.

ನಾಲ್ಕನೆಯದು, ಶ್ವಾಸಕೋಶದಲ್ಲಿ ಈ ಎರಡು ನಾಳಗಳ ನಡುವೆ ಸೂಕ್ಷ್ಮವಾದ ಸಂಪರ್ಕವಿದೆ.

ಐದನೆಯದು, ಹೃದಯದ ಸ್ನಾಯುವಿಗೆ ಪೋಷಣೆ ಸಿಗುವುದು ಅದರ ಮೈಯಲ್ಲೇ ಹರಡಿರುವ ನಾಳಗಳಿಂದ. ಇಂದು ನಾವು ಇವುಗಳನ್ನು ಹೃದಯದ ಕರೋನರಿ ನಾಳಗಳು ಎನ್ನುತ್ತೇವೆ. ಈ ನಾಳ ಕಟ್ಟಿಕೊಂಡರೆ ಹೃದಯಾಘಾತವಾಗುತ್ತದೆ ಎಂಬುದು ನಿಮಗೆಲ್ಲ ಗೊತ್ತು.

ಬಲ ಹೃದಯದಿಂದ ಶ್ವಾಸಕೋಶ, ಶ್ವಾಸಕೋಶದಿಂದ ಎಡ ಹೃದಯ. ನಿಮ್ಮ ಪುಸ್ತಕದಲ್ಲಿ ಪುಪ್ಪುಸಕ ಪರಿಚಲನೆ ಎಂದು ನಾಲ್ಕು ಬಾಣಗಳಲ್ಲಿ ತೋರಿಸಿರುವ ದಾರಿ ಇದೇ. ವಿಶ್ರಾಂತಿಯಲ್ಲಿರುವ ಒಬ್ಬ ವಯಸ್ಕನ ಹೃದಯ ನಿಮಿಷಕ್ಕೆ ಸುಮಾರು 70 ಬಾರಿ ಬಡಿದು ಸುಮಾರು 5 ಲೀಟರ್ ರಕ್ತವನ್ನು ಈ ದಾರಿಯಲ್ಲಿ ಕಳುಹಿಸುತ್ತದೆ. ನೀವು ಈ ಪುಟವನ್ನು ಓದಿ ಮುಗಿಸುವಷ್ಟರಲ್ಲಿ ನಿಮ್ಮ ದೇಹದ ರಕ್ತವೆಲ್ಲ ಒಮ್ಮೆ ಆ ದಾರಿಯಲ್ಲಿ ಹೋಗಿ ಬಂದಿರುತ್ತದೆ.

ಹೆಸರಿನಲ್ಲೇ ಇದ್ದ ಉತ್ತರ

ಭಾಷಾ ಶಿಕ್ಷಕಿಯಾಗಿ ಇಲ್ಲಿ ನಿಮಗೆ ಒಂದು ವಿಷಯ ಹೇಳಲೇಬೇಕು. ನನ್ನ ವಿದ್ಯಾರ್ಥಿನಿಯ ನೋಟ್ಸಿನಲ್ಲಿ ತಪ್ಪಾಗಿದ್ದ ಆ ನಾಳಕ್ಕೆ ಹಳೆಯ ಅರಬ್ಬಿ ವೈದ್ಯರು ಅಲ್-ವರೀದುಶ್ಶಿರ್ಯಾನಿ ಎಂದು ಹೆಸರಿಟ್ಟಿದ್ದರು. ಅರಬ್ಬಿಯಲ್ಲಿ ವರೀದ್ ಎಂದರೆ ಅಭಿಧಮನಿ, ಶಿರ್ಯಾನ್ ಎಂದರೆ ಅಪಧಮನಿ. ಅಂದರೆ ಅದು ಅಪಧಮನಿಯಂಥ ಅಭಿಧಮನಿ. ಒಳಗೆ ಹರಿಯುವುದು ಅಭಿಧಮನಿಗಳಲ್ಲಿರುವಂಥ ರಕ್ತ, ಆದರೆ ಗೋಡೆ ಮಾತ್ರ ಅಪಧಮನಿಯಂತೆ ದಪ್ಪ. ಶ್ವಾಸಕೋಶದಿಂದ ಹಿಂದಿರುಗುವ ನಾಳಕ್ಕೆ ಅಶ್ಶಿರ್ಯಾನುಲ್ ವರೀದಿ ಎಂದು ಹೆಸರು. ಅದರ ಗೋಡೆ ತೆಳು. ಇಂದು ನಾವು ಹೃದಯದಿಂದ ಹೊರಟದ್ದು ಅಪಧಮನಿ, ಹೃದಯಕ್ಕೆ ಬರುವುದು ಅಭಿಧಮನಿ ಎಂಬ ನಿಯಮದಂತೆ ಮೊದಲನೆಯದನ್ನು ಪುಪ್ಪುಸಕ ಅಪಧಮನಿ ಎಂದೂ, ಎರಡನೆಯದನ್ನು ಪುಪ್ಪುಸಕ ಅಭಿಧಮನಿ ಎಂದೂ ಕರೆಯುತ್ತೇವೆ.

ಇಬ್ನುನ್ನಫೀಸ್ ಈ ದಪ್ಪ-ತೆಳುವನ್ನೇ ತಮ್ಮ ವಾದಕ್ಕೆ ಆಧಾರ ಮಾಡಿಕೊಂಡರು. ಶ್ವಾಸಕೋಶಕ್ಕೆ ಹೋಗುವ ನಾಳದ ಗೋಡೆ ಎರಡು ಪದರಗಳಿಂದ ಗಟ್ಟಿಯಾಗಿರುವುದೇಕೆ? ಅದರಿಂದ ಹೊರಗೆ ಜಿನುಗುವುದು ಅತಿ ಸೂಕ್ಷ್ಮವಾದ ಅಂಶ ಮಾತ್ರವಾಗಿರಲಿ ಎಂದು. ಮರಳುವ ನಾಳ ತೆಳುವಾಗಿರುವುದೇಕೆ? ಹಾಗೆ ಜಿನುಗಿದ್ದನ್ನು ಸುಲಭವಾಗಿ ಸ್ವೀಕರಿಸಲಿ ಎಂದು. ಅಂಗದ ರಚನೆ ನೋಡಿ ಅದರ ಕೆಲಸವನ್ನು ಊಹಿಸುವ ಈ ಕ್ರಮವನ್ನು ಇಂದೂ ಜೀವಶಾಸ್ತ್ರ ಬಳಸುತ್ತದೆ. ಆ ಹಳೆಯ ಹೆಸರಿನ ಅರ್ಥ ತಿಳಿದಿದ್ದರೆ ನನ್ನ ವಿದ್ಯಾರ್ಥಿನಿ ಎಂದೂ ತಪ್ಪುತ್ತಿರಲಿಲ್ಲ. ಇದನ್ನು ನೀವು ನೆನಪಿಟ್ಟುಕೊಳ್ಳಿ.

ಅವರು ಶವಛೇದನ ಮಾಡಿದ್ದರೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಶರೀಅತ್ ಮತ್ತು ತಮ್ಮ ಮನಸ್ಸಿನ ಕರುಣೆ ಇವೆರಡೂ ತಮ್ಮನ್ನು ಆ ಕೆಲಸದಿಂದ ದೂರವಿಟ್ಟವು ಎಂಬ ಅರ್ಥದಲ್ಲಿ ಅವರೇ ಬರೆದಿದ್ದಾರೆ. ಆದರೆ ಗೋಡೆಯಲ್ಲಿ ರಂಧ್ರಗಳಿವೆ ಎಂಬುದನ್ನು ಛೇದನವೇ ಸುಳ್ಳು ಮಾಡುತ್ತದೆ ಎಂದೂ ಅದೇ ಪುಸ್ತಕದಲ್ಲಿ ವಾದಿಸಿದ್ದಾರೆ. ಏನೇ ಇರಲಿ, ಹಿರಿಯರ ಬರಹವನ್ನು ಅವರು ಕಂಠಪಾಠ ಮಾಡಿ ಸುಮ್ಮನಾಗಲಿಲ್ಲ. ಪ್ರತಿ ಸಾಲನ್ನೂ ಪ್ರಶ್ನಿಸಿದರು. ಹಾಗೆಂದು ಹಿರಿಯರನ್ನು ಹೀಯಾಳಿಸಲೂ ಇಲ್ಲ. ಅವರ ಪುಸ್ತಕಕ್ಕೆ ಶರಹ್ ಬರೆದು ಅದರೊಳಗೇ ಅವರನ್ನು ತಿದ್ದಿದರು. ಅದಬ್ ಮತ್ತು ಸತ್ಯ ಒಟ್ಟಿಗೆ ನಡೆಯಬಲ್ಲವು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಬರವಣಿಗೆಯ ತಪಸ್ಸು

ಅವರು ಬರೆಯಲು ಕುಳಿತರೆ ಹೇಗಿರುತ್ತಿತ್ತು ಎಂಬುದನ್ನು ಹಳೆಯ ಚರಿತ್ರೆಕಾರರು ಸ್ವಾರಸ್ಯವಾಗಿ ವರ್ಣಿಸಿದ್ದಾರೆ. ಲೇಖನಿಗಳನ್ನು ಮೊದಲೇ ಚೂಪು ಮಾಡಿ ಪಕ್ಕದಲ್ಲಿ ಇರಿಸಲಾಗುತ್ತಿತ್ತು. ಅವರು ಗೋಡೆಗೆ ಮುಖ ಮಾಡಿ ಕುಳಿತು, ಯಾವ ಗ್ರಂಥವನ್ನೂ ತೆರೆದು ನೋಡದೆ, ಹರಿಯುವ ನೀರಿನಂತೆ ಬರೆಯುತ್ತಿದ್ದರು. ಒಂದು ಲೇಖನಿ ಮೊಂಡಾದರೆ ಅದನ್ನೆಸೆದು ಇನ್ನೊಂದನ್ನು ತೆಗೆದುಕೊಳ್ಳುತ್ತಿದ್ದರಂತೆ, ಚೂಪು ಮಾಡುತ್ತ ಕುಳಿತರೆ ಸಮಯ ಹಾಳೆಂದು. ಒಮ್ಮೆ ಹಮ್ಮಾಮಿನಲ್ಲಿ ಸ್ನಾನ ಮಾಡುತ್ತಿದ್ದಾಗ ಅರ್ಧದಲ್ಲೇ ಹೊರಬಂದು ಕಾಗದ, ಲೇಖನಿ, ಮಸಿ ತರಿಸಿ ನಾಡಿಮಿಡಿತದ ಬಗ್ಗೆ ಒಂದು ಬರಹ ಮುಗಿಸಿ, ಮತ್ತೆ ಒಳಗೆ ಹೋಗಿ ಸ್ನಾನ ಮುಗಿಸಿದರಂತೆ!

ಅಶ್ಶಾಮಿಲ್ ಫಿತ್ತಿಬ್ಬ್ ಎಂಬ ವೈದ್ಯ ವಿಶ್ವಕೋಶವನ್ನು ಅವರು 300 ಸಂಪುಟಗಳಲ್ಲಿ ಬರೆಯಬೇಕೆಂದು ಯೋಜಿಸಿದ್ದರು. ಸುಮಾರು 80 ಸಂಪುಟಗಳು ಅಚ್ಚುಕಟ್ಟಾದ ಪ್ರತಿಯಾಗಿ ಸಿದ್ಧವಾದವು. ಕಣ್ಣಿನ ರೋಗಗಳ ಬಗ್ಗೆ ಒಂದು ಗ್ರಂಥ, ಹಿಪೊಕ್ರೆಟಿಸ್‌ರ ಕೃತಿಗಳಿಗೆ ವ್ಯಾಖ್ಯಾನ, ಹದೀಸ್ ಶಾಸ್ತ್ರದ ಮೇಲೆ ಕಿರುಗ್ರಂಥ, ನಿರ್ಜನ ದ್ವೀಪದಲ್ಲಿ ಒಬ್ಬನೇ ಬೆಳೆದು ತನ್ನ ಬುದ್ಧಿಯಿಂದಲೇ ಸತ್ಯವನ್ನು ಅರಸುವ ಮನುಷ್ಯನ ಕಥೆಯಾದ ಅರ್ರಿಸಾಲತುಲ್ ಕಾಮಿಲಿಯ್ಯಾ ಇವೂ ಅವರ ಕೃತಿಗಳೇ.

ನೋಟ್ಸಿನ ಕಥೆ

ಇನ್ನು ನಾನು ಯಾವುದಕ್ಕಾಗಿ ಈ ಲೇಖನ ಬರೆಯಲು ಕುಳಿತೆನೋ ಆ ವಿಷಯ. ವಿದ್ಯಾರ್ಥಿಗಳೇ, ಇಬ್ನುನ್ನಫೀಸ್ ಸ್ವತಃ ನೋಟ್ಸ್ ಬರೆದವರು! ಕಾನೂನ್ ಗ್ರಂಥ ಬಹಳ ದೊಡ್ಡದು. ವೈದ್ಯ ವಿದ್ಯಾರ್ಥಿಗಳಿಗೆ ಅನುಕೂಲವಾಗಲೆಂದು ಅದರ ಸಾರವನ್ನು ಅವರು ಮೂಜಝುಲ್ ಕಾನೂನ್ ಎಂಬ ಚಿಕ್ಕ ಪುಸ್ತಕದಲ್ಲಿ ಕೊಟ್ಟರು. ಮೂಜಝ್ ಎಂದರೆ ಸಂಕ್ಷಿಪ್ತ. ವೈದ್ಯದ ಸಾಮಾನ್ಯ ತತ್ವಗಳು, ಔಷಧಗಳು ಮತ್ತು ಆಹಾರಗಳು, ಒಂದೊಂದು ಅಂಗಕ್ಕೆ ಬರುವ ರೋಗಗಳು, ಇಡೀ ದೇಹಕ್ಕೆ ಬರುವ ರೋಗಗಳು ಹೀಗೆ ನಾಲ್ಕು ಭಾಗಗಳು.

ಈ ಪುಸ್ತಕ ಎಷ್ಟು ಜನಪ್ರಿಯವಾಯಿತೆಂದರೆ ಅದರ ಮೇಲೆ ಮತ್ತೆ ಮತ್ತೆ ವ್ಯಾಖ್ಯಾನಗಳು ಹುಟ್ಟಿದವು. 15ನೇ ಶತಮಾನದಲ್ಲಿ ನಫೀಸ್ ಇಬ್ನ್ ಇವಝ್ ಕಿರ್ಮಾನಿ ಎಂಬ ವೈದ್ಯರು ಬರೆದ ವ್ಯಾಖ್ಯಾನ ನಫೀಸಿ ಎಂದೇ ಪ್ರಸಿದ್ಧ. ಸದೀದಿ ಎಂಬುದು ಇನ್ನೊಂದು. ನಮ್ಮ ಭಾರತದ ತಿಬ್ಬ್ ವಿದ್ಯಾರ್ಥಿಗಳು ತಲೆಮಾರುಗಳ ಕಾಲ ಇವನ್ನು ಓದಿಯೇ ಹಕೀಮರಾದರು. ಇಂದು ಬೆಂಗಳೂರಿನ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆಯಲ್ಲಿ ಸ್ನಾತಕೋತ್ತರ ಶಿಕ್ಷಣ ನಡೆಯುತ್ತಿರುವ ಯುನಾನಿ ಪದ್ಧತಿಯ ಬೇರುಗಳಲ್ಲಿ ಈ ಚಿಕ್ಕ ಪುಸ್ತಕವೂ ಒಂದು.

ಆದರೆ ಗಮನಿಸಿ. ಮೂಜಝ್‌ನಲ್ಲಿ ಅಂಗರಚನೆ ಮತ್ತು ಅಂಗಗಳ ಕಾರ್ಯದ ಭಾಗಗಳೇ ಇಲ್ಲ. ಚಿಕಿತ್ಸೆ ಮಾಡುವವರಿಗೆ ರೋಗ ಮತ್ತು ಔಷಧ ಸಾಕು ಎಂದು ಅವರಿಗೆ ಅನ್ನಿಸಿರಬಹುದು. ಪರಿಣಾಮ ಏನಾಯಿತು? ತನ್ನ ಜೀವನದ ಅತಿ ದೊಡ್ಡ ಶೋಧವನ್ನು ಅವರು ದೊಡ್ಡ ಶರಹ್‌ನಲ್ಲಿ ಬರೆದಿಟ್ಟರು. ವಿದ್ಯಾರ್ಥಿಗಳು ಚಿಕ್ಕ ನೋಟ್ಸನ್ನು ಓದಿದರು. ನೋಟ್ಸ್ ಊರೂರು ತಿರುಗಿತು, ಶರಹ್‌ನ ಪ್ರತಿಗಳು ಗ್ರಂಥಾಲಯಗಳ ಕಪಾಟಿನಲ್ಲಿ ಉಳಿದವು. ಅವರ ಹೆಸರು ಹೇಳಿಕೊಂಡು ವೈದ್ಯ ಕಲಿತ ಸಾವಿರಾರು ಜನರಿಗೆ, ಆ ಹೆಸರಿನವರು ಹೃದಯದ ಬಗ್ಗೆ ಏನು ಹೇಳಿದ್ದರು ಎಂಬುದು ಗೊತ್ತಾಗದೆ ಹೋಯಿತು.

ಬರೆದವರ ತಪ್ಪು ಎಂದು ಇದನ್ನು ಹೇಳಲಾಗದು. ನೋಟ್ಸ್ ಎಂದರೆ ಬಿಡುವುದು. ಏನನ್ನಾದರೂ ಬಿಡದೆ ಸಂಕ್ಷೇಪ ಮಾಡಲಾಗುವುದಿಲ್ಲ. ಆದರೆ ಬಿಟ್ಟದ್ದು ಏನು ಎಂದು ತಿಳಿಯಲು ಓದುವವರು ಮೂಲ ಪುಸ್ತಕಕ್ಕೆ ಹೋಗಬೇಕು. ನಾವು ಹೋಗಲಿಲ್ಲ.

ಕೊನೆಯ ದಿನಗಳು

1258ರಲ್ಲಿ ಮಂಗೋಲರ ದಾಳಿಗೆ ಬಾಗ್ದಾದ್ ನಾಶವಾಯಿತು. ಅಂಥ ಕಷ್ಟಕಾಲದಲ್ಲಿ ವಿದ್ಯೆಗೆ ಆಸರೆಯಾಗಿ ಉಳಿದದ್ದು ಕೈರೋ. ಅಲ್ಲಿ ಇಬ್ನುನ್ನಫೀಸ್ ಮುಖ್ಯ ವೈದ್ಯರಾದರು, ಸುಲ್ತಾನ್ ಬೈಬರ್ಸ್‌ರ ವೈದ್ಯರಾಗಿಯೂ ಸೇವೆ ಸಲ್ಲಿಸಿದರೆಂದು ಹೇಳುತ್ತಾರೆ. 1284ರಲ್ಲಿ ಸುಲ್ತಾನ್ ಮನ್ಸೂರ್ ಕಲಾವೂನ್ ಮನ್ಸೂರಿ ಆಸ್ಪತ್ರೆಯನ್ನು ಕಟ್ಟಿಸಿದರು. ಬಡವ ಬಲ್ಲಿದ ಎನ್ನದೆ ಎಲ್ಲರಿಗೂ ಚಿಕಿತ್ಸೆ ಸಿಗುತ್ತಿದ್ದ ವಕ್ಫ್ ಆಸ್ಪತ್ರೆ ಅದು.

1288ರ ಡಿಸೆಂಬರ್‌ನಲ್ಲಿ ಅವರು ಕಾಯಿಲೆ ಬಿದ್ದರು. ಔಷಧವಾಗಿ ಸ್ವಲ್ಪ ಮದ್ಯ ಸೇವಿಸಿರೆಂದು ಕೆಲವು ವೈದ್ಯ ಮಿತ್ರರು ಸಲಹೆ ಕೊಟ್ಟರು. ಅದು ದೇಹದೊಳಗಿರುವಾಗ ಅಲ್ಲಾಹನನ್ನು ಭೇಟಿಯಾಗಲಾರೆನೆಂದು ಅವರು ನಿರಾಕರಿಸಿದರೆಂದು ಚರಿತ್ರೆಕಾರರು ಹೇಳುತ್ತಾರೆ. ಕೆಲವೇ ದಿನಗಳಲ್ಲಿ ತೀರಿಕೊಂಡರು. ತಮ್ಮ ಮನೆಯನ್ನೂ ಗ್ರಂಥಭಂಡಾರವನ್ನೂ ಮನ್ಸೂರಿ ಆಸ್ಪತ್ರೆಗೆ ಬಿಟ್ಟುಹೋದರು. ಸಂಘ ಸಂಸ್ಥೆಗಳ ಸದಸ್ಯರಾದ ಹಿರಿಯರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕೆಂದು ವಿನಂತಿ. ಪುಸ್ತಕಗಳಿಗಿಂತ ಒಳ್ಳೆಯ ಸದಕಾ ಜಾರಿಯಾ ಯಾವುದಿದೆ?

ಆರು ನೂರು ವರ್ಷಗಳ ಮರೆವು

ಮುಂದೆ ಯುರೋಪಿನಲ್ಲಿ ಇದೇ ಮಾತನ್ನು ಮೈಕೆಲ್ ಸರ್ವೆಟಸ್ 1553ರಲ್ಲಿ, ರಿಯಾಲ್ಡೊ ಕೊಲಂಬೊ 1559ರಲ್ಲಿ ಪ್ರಕಟಿಸಿದರು. 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ ರಕ್ತ ಇಡೀ ದೇಹದಲ್ಲಿ ಸುತ್ತುತ್ತದೆ ಎಂದು ಪ್ರಯೋಗ ಮತ್ತು ಲೆಕ್ಕಾಚಾರಗಳಿಂದ ತೋರಿಸಿಕೊಟ್ಟರು. 1661ರಲ್ಲಿ ಇಟಲಿಯ ಮಾಲ್ಪಿಘಿ ಸೂಕ್ಷ್ಮದರ್ಶಕದಲ್ಲಿ ಕಪ್ಪೆಯ ಶ್ವಾಸಕೋಶ ನೋಡಿ ಲೋಮನಾಳಗಳನ್ನು ಕಂಡರು. ಇಬ್ನುನ್ನಫೀಸ್ ಊಹಿಸಿದ್ದ ಸೂಕ್ಷ್ಮ ಸಂಪರ್ಕ ಕಣ್ಣಿಗೆ ಕಂಡದ್ದು ಆಗ.

ಇಬ್ನುನ್ನಫೀಸ್‌ರ ಶರಹ್ ಮತ್ತೆ ಬೆಳಕಿಗೆ ಬಂದದ್ದು 1924ರಲ್ಲಿ. ಜರ್ಮನಿಯ ಫ್ರೈಬರ್ಗ್‌ನಲ್ಲಿ ಓದುತ್ತಿದ್ದ ಮುಹ್ಯಿದ್ದೀನ್ ಅತ್ತತಾವಿ ಎಂಬ ಈಜಿಪ್ಟಿನ ತರುಣ ವೈದ್ಯ ಬರ್ಲಿನ್ನಿನ ಗ್ರಂಥಾಲಯದಲ್ಲಿದ್ದ ಹಸ್ತಪ್ರತಿಯನ್ನು ಓದಿ ತನ್ನ ಪ್ರಬಂಧದಲ್ಲಿ ಈ ವಿಷಯ ಬರೆದ. ಕೈರೋದಲ್ಲಿದ್ದ ಮ್ಯಾಕ್ಸ್ ಮೆಯರ್‌ಹಾಫ್ ಎಂಬ ವೈದ್ಯ ವಿದ್ವಾಂಸರು ಅದನ್ನು ಜಗತ್ತಿಗೆ ತಿಳಿಸಿದರು. ಆ ಹಸ್ತಪ್ರತಿ ಕಳೆದುಹೋಗಿರಲಿಲ್ಲ. ಗ್ರಂಥಾಲಯದಲ್ಲೇ ಇತ್ತು. ತೆರೆದು ಓದುವವರು ಬೇಕಾಗಿತ್ತು, ಅಷ್ಟೇ. ತೆರೆದವನೂ ಒಬ್ಬ ವಿದ್ಯಾರ್ಥಿ!

ಇಲ್ಲಿ ನಿಮಗೊಂದು ಕಿವಿಮಾತು. ನಮ್ಮ ಸಭೆಗಳಲ್ಲಿ ಕೆಲವೊಮ್ಮೆ, ರಕ್ತ ಪರಿಚಲನೆಯನ್ನೆಲ್ಲ ನಾವೇ ಕಂಡುಹಿಡಿದೆವು, ಯುರೋಪಿನವರು ಕದ್ದರು ಎಂದು ಭಾಷಣ ಮಾಡುತ್ತಾರೆ. ಚಪ್ಪಾಳೆ ಬೀಳುತ್ತದೆ. ಆದರೆ ಅದು ಸತ್ಯವಲ್ಲ. ಇಬ್ನುನ್ನಫೀಸ್ ಹೇಳಿದ್ದು ಹೃದಯ ಮತ್ತು ಶ್ವಾಸಕೋಶದ ನಡುವಿನ ದಾರಿ ಮಾತ್ರ. ಇಡೀ ದೇಹದ ಪರಿಚಲನೆಯನ್ನು ಅವರು ಹೇಳಿಲ್ಲ, ಅದರ ಶ್ರೇಯಸ್ಸು ಹಾರ್ವೆಯವರದ್ದು. ಅವರ ಇನ್ನೊಂದು ಬರಹದ ಲ್ಯಾಟಿನ್ ಅನುವಾದ 1547ರಲ್ಲಿ ವೆನಿಸ್‌ನಲ್ಲಿ ಅಚ್ಚಾಗಿತ್ತು. ಆದರೆ ಅದು ಔಷಧಗಳ ಕುರಿತದ್ದು. ಶ್ವಾಸಕೋಶದ ಮಾತು ಅಲ್ಲಿಂದ ಸರ್ವೆಟಸ್‌ಗೆ ತಲುಪಿತೆಂದು ಯಾರೂ ಸಾಬೀತು ಮಾಡಿಲ್ಲ. ಸುಳ್ಳಿನ ಕಿರೀಟ ಅವರಿಗೆ ಬೇಕಾಗಿಲ್ಲ, ನಿಜವಾದದ್ದೇ ಬೇಕಾದಷ್ಟು ದೊಡ್ಡದಿದೆ. ಇಬ್ನ್ ಸೀನಾರವರನ್ನೇ ಪರೀಕ್ಷಿಸಿ ನೋಡಿದ ಮನುಷ್ಯನನ್ನು ನಾವು ಪರೀಕ್ಷಿಸದೆ ಹೊಗಳಿದರೆ ಅವರಿಂದ ಏನು ಕಲಿತಂತಾಯಿತು?

ನೀವು ಏನು ಮಾಡಬಹುದು?

1. ಮೊದಲು ಪಠ್ಯಪುಸ್ತಕದ ಪಾಠ ಪೂರ್ತಿ ಓದಿ, ನಂತರ ನೋಟ್ಸ್ ಬರೆಯಿರಿ. ಬೇರೆಯವರ ನೋಟ್ಸ್ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅದು ಅವರು ತಿಳಿದುಕೊಂಡದ್ದು, ನೀವು ತಿಳಿದುಕೊಂಡದ್ದಲ್ಲ.

2. ಹಾಳೆಯ ಒಂದು ಬದಿಯಲ್ಲಿ ಅಂಚು ಬಿಡಿ. ಅನುಮಾನ ಬಂದ ಕಡೆ ಪ್ರಶ್ನೆ ಬರೆಯಿರಿ. ಇಬ್ನುನ್ನಫೀಸ್‌ರ ಶೋಧ ಹುಟ್ಟಿದ್ದೂ ಬೇರೆಯವರ ಪುಸ್ತಕದ ಮೇಲಿನ ಟಿಪ್ಪಣಿಯಾಗಿಯೇ.

3. ಚಿತ್ರವನ್ನು ನೋಡದೆ ಬರೆದು, ನಂತರ ಪುಸ್ತಕದೊಡನೆ ಹೋಲಿಸಿ. ಹೃದಯದ ಚಿತ್ರದಲ್ಲಿ ಎಡ ಬಲಗಳು ದೇಹದ ಎಡ ಬಲಗಳೇ ಹೊರತು ಪುಟದ್ದಲ್ಲ ಎಂಬುದನ್ನು ಮರೆಯಬೇಡಿ.

4. ಪದದ ಅರ್ಥ ತಿಳಿಯದೆ ಪದವನ್ನು ಕಂಠಪಾಠ ಮಾಡಬೇಡಿ. ಅರ್ಥ ಗೊತ್ತಿದ್ದರೆ ಪದವೇ ಉತ್ತರ ಹೇಳುತ್ತದೆ.

5. ಪುಸ್ತಕದಲ್ಲಿ ತಪ್ಪು ಕಂಡರೆ ಶಿಕ್ಷಕರನ್ನು ವಿನಯದಿಂದ ಕೇಳಿ. ಕೇಳಿಸಿಕೊಳ್ಳಲು ನಾವು ಶಿಕ್ಷಕರೂ ಕಲಿಯಬೇಕು. ಪ್ರಶ್ನೆ ಕೇಳಿದ ಮಗುವನ್ನು ಸುಮ್ಮನೆ ಕೂರಿಸಿದ ದಿನಗಳು ನನ್ನ ಜೀವನದಲ್ಲೂ ಇವೆ. ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ನನ್ನ ಆ ವಿದ್ಯಾರ್ಥಿನಿ ಅಂದು ಸಂಜೆಯೇ ತನ್ನ ನೋಟ್ಸ್ ತಿದ್ದಿಕೊಂಡಳು. ಬರೀ ತನ್ನದನ್ನು ತಿದ್ದಿಕೊಂಡು ಸುಮ್ಮನಿರಬೇಡ, ಕ್ಲಾಸಿನವರಿಗೂ ಹೇಳು ಎಂದೆ. ನಗುತ್ತಾರೆ ಮಿಸ್ ಎಂದಳು. ನಗಲಿ ಬಿಡು, ಪುಸ್ತಕ ತೆರೆದು ತೋರಿಸು ಎಂದೆ. ಕಾಲೇಜು ತೆರೆದ ಮೇಲೆ ಫೋನ್ ಮಾಡಿದಳು. ಕೆಲವರು ನಕ್ಕರಂತೆ, ಹೆಚ್ಚಿನವರು ಪೆನ್ನು ತೆಗೆದು ತಿದ್ದಿಕೊಂಡರಂತೆ.

ಅಲ್ಲಾಹನು ನಮಗೆಲ್ಲ ಉಪಯುಕ್ತವಾದ ಇಲ್ಮನ್ನು, ಅದನ್ನು ಪರೀಕ್ಷಿಸುವ ಬುದ್ಧಿಯನ್ನು ಮತ್ತು ತಪ್ಪನ್ನು ತಿದ್ದಿಕೊಳ್ಳುವ ವಿನಯವನ್ನು ಕರುಣಿಸಲಿ. ಆಮೀನ್.